ವಿಧೇಯಕದಿಂದ ಅಧಿನಿಯಮಕ್ಕೆ: ವೃಕ್ಷರಕ್ಷಣೆಯ ಒಂದು ಪಾಠ

ಶಾಸನವಾಗಲೆಂದು ಶಾಸಕಾಂಗದ ಮುಂದಿರಿಸುವ ಕರಡಿಗೆ ವಿಧೇಯಕವೆಂದು ಹೆಸರು. ಉಭಯ ಸದನಗಳನ್ನು ದಾಟಿ ರಾಜ್ಯಪಾಲರ ಅಂಕಿತವನ್ನು ಪಡೆದಾಗ ಅದು ಅಧಿನಿಯಮವೆನಿಸುತ್ತದೆ. ಈ ಪಯಣದಲ್ಲಿ ಒಂದು ಕ್ರಿಯಾಪದದ ವ್ಯತ್ಯಾಸವೂ ಮರಗಳ ಅಳಿವು ಉಳಿವನ್ನು ನಿರ್ಧರಿಸಬಲ್ಲುದೆಂಬುದು ಭಾಷಾಧ್ಯಾಪಕರು ಮನಗಾಣಬೇಕಾದ ಸಂಗತಿ.

1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮವನ್ನು ನಿದರ್ಶನವಾಗಿ ನೋಡೋಣ. ಅದು ಅನ್ವಯಿಸುವ ಪ್ರದೇಶಗಳಲ್ಲಿ, ವಿನಾಯಿತಿ ಪಡೆದ ಜಾತಿಗಳ ಹೊರತು, ಸ್ವಂತ ಭೂಮಿಯ ಮರವನ್ನಾದರೂ ವೃಕ್ಷಾಧಿಕಾರಿಯ ಪೂರ್ವಾನುಮತಿಯಿಲ್ಲದೆ ಕಡಿಯುವಂತಿಲ್ಲ. ಕಡಿಯಲು ಅನುಮತಿ ಪಡೆದವನಿಗೆ ಬದಲಿ ಸಸಿಗಳನ್ನು ನೆಡುವ ಹೊಣೆಯೂ ಉಂಟು.

ಇಂತಹ ವಿಧೇಯಕವು ಧನ ವಿಧೇಯಕವಲ್ಲದಿದ್ದರೆ ಎರಡು ಸದನಗಳಲ್ಲಿ ಯಾವುದರಲ್ಲಿಯಾದರೂ ಮಂಡಿತವಾಗಬಹುದು. ಮಂಡನೆಯೇ ಪ್ರಥಮ ವಾಚನ. ದ್ವಿತೀಯ ವಾಚನದಲ್ಲಿ ಮೊದಲು ತತ್ತ್ವದ ಚರ್ಚೆ. ಸದನವು ಬಯಸಿದರೆ ಕರಡನ್ನು ಆಯ್ಕೆ ಸಮಿತಿಗೊಪ್ಪಿಸಬಹುದು, ಜನಾಭಿಪ್ರಾಯಕ್ಕೂ ಕಳುಹಿಸಬಹುದು. ಅನಂತರ ಒಂದೊಂದು ಖಂಡವನ್ನೂ ಪ್ರತ್ಯೇಕವಾಗಿ ಪರಿಶೀಲಿಸಿ, ತಿದ್ದುಪಡಿಗಳನ್ನು ಮತಕ್ಕೆ ಹಾಕುವರು. ವಿಧೇಯಕದ ಪ್ರಾಣವಿರುವುದು ಇಲ್ಲಿಯೇ. ‘ಸಸಿಗಳನ್ನು ನೆಡತಕ್ಕದ್ದು’ ಎಂಬುದು ವಿಧಿ. ‘ನೆಡಬಹುದು’ ಎಂಬುದು ಇಚ್ಛೆಗೆ ಬಿಟ್ಟ ಮಾತು. ಮೊದಲನೆಯದನ್ನು ಮೀರಿದವನನ್ನು ಪ್ರಶ್ನಿಸಬಹುದು. ಎರಡನೆಯದನ್ನು ಮೀರುವುದೇ ಸಾಧ್ಯವಿಲ್ಲ! ತೃತೀಯ ವಾಚನದಲ್ಲಿ ಇಡಿಯ ವಿಧೇಯಕಕ್ಕೆ ಮತ ದೊರೆಯುತ್ತದೆ.

ವಿಧಾನಸಭೆಯು ಅಂಗೀಕರಿಸಿದ್ದನ್ನು ವಿಧಾನ ಪರಿಷತ್ತು ತಿರಸ್ಕರಿಸಿದರೆ, ಇಲ್ಲವೆ 3 ತಿಂಗಳು ಅಂಗೀಕರಿಸದೆ ಉಳಿದರೆ, ಸಭೆಯು ಪುನಃ ಅಂಗೀಕರಿಸಿ ಕಳುಹಿಸಬಹುದು. ಎರಡನೆಯ ಬಾರಿ ಪರಿಷತ್ತು ತಡೆಯಬಹುದಾದ ಅವಧಿ 1 ತಿಂಗಳು ಮಾತ್ರ. ಆದುದರಿಂದ ಪರಿಷತ್ತು ವಿಚಾರಕ್ಕೆ ಕಾಲಾವಕಾಶ ನೀಡಬಲ್ಲುದು. ಕೊನೆಯ ಮಾತು ಜನರಿಂದ ನೇರವಾಗಿ ಆಯ್ಕೆಯಾದ ಸಭೆಯದು.

ಸಂವಿಧಾನದ 200ನೆಯ ಅನುಚ್ಛೇದದಂತೆ ರಾಜ್ಯಪಾಲರು ಅಂಕಿತ ಹಾಕಬಹುದು, ಪುನರ್ವಿಮರ್ಶೆಗೆ ಹಿಂದಿರುಗಿಸಬಹುದು, ರಾಷ್ಟ್ರಪತಿಗಳ ಪರಿಶೀಲನೆಗೂ ಕಾದಿರಿಸಬಹುದು. 42ನೆಯ ತಿದ್ದುಪಡಿಯ ಫಲವಾಗಿ 1977ರಿಂದ ಅರಣ್ಯವೂ ವನ್ಯಜೀವಿ ಸಂರಕ್ಷಣೆಯೂ ಸಮವರ್ತಿ ಪಟ್ಟಿಯಲ್ಲಿವೆ. ಈ ವಿಷಯಗಳಲ್ಲಿ ಕೇಂದ್ರ ಶಾಸನಕ್ಕೆ ವಿರುದ್ಧವಾದ ರಾಜ್ಯ ಶಾಸನವು ರಾಜ್ಯದೊಳಗೆ ಊರ್ಜಿತವಾಗಬೇಕಾದರೆ ರಾಷ್ಟ್ರಪತಿಗಳ ಸಮ್ಮತಿ ಅವಶ್ಯಕ. ಅಂಕಿತವಾದ ಅಧಿನಿಯಮವು ರಾಜ್ಯಪತ್ರದಲ್ಲಿ ಪ್ರಕಟವಾಗುತ್ತದೆ. ಆ ಬಳಿಕ ನಿಯಮಗಳ ರಚನೆ, ಅಧಿಕಾರಿಗಳ ನೇಮಕ. ಇವು ತಡವಾದರೆ ಉತ್ತಮ ಶಾಸನವೂ ಕಾಗದದ ಮೇಲಿನ ನೆರಳಾದೀತು.

ಪೌರನೀತಿಯ ತರಗತಿಯಲ್ಲಿ ಈ ಹಂತಗಳನ್ನು ಕಂಠಪಾಠ ಮಾಡಿಸುವುದಷ್ಟೇ ಸಾಲದು. ಒಂದು ವಿಧೇಯಕದ ಕನ್ನಡ ಪ್ರತಿಯನ್ನು ತರಿಸಿ, ಅದರ ಕ್ರಿಯಾಪದಗಳಿಗೆ ಗೆರೆ ಎಳೆಸಿ, ಯಾರಿಗೆ ಕರ್ತವ್ಯ, ಯಾರಿಗೆ ವಿವೇಚನೆ, ಯಾರಿಗೆ ವಿನಾಯಿತಿ ಎಂದು ವಿದ್ಯಾರ್ಥಿಗಳಿಂದಲೇ ಹೇಳಿಸಬೇಕು. ಹಾಗೆ ಓದಲು ಕಲಿತವರು ಮುಂದೆ ಶಾಲೆಗೊಂದು ಕೊಠಡಿ ಕಟ್ಟಿಸಿಕೊಡುವ ದಾನಿಗಳಾದಾಗ, ನಿವೇಶನದ ಮರಕ್ಕೆ ಕೊಡಲಿ ಹಾಕಿಸುವ ಮುನ್ನ ಶಾಸನವು ಏನು ವಿಧಿಸಿದೆಯೆಂದು ತಾವಾಗಿಯೇ ವಿಚಾರಿಸುವರು.