ಖಾಲಿ ಇದ್ದರೆ ತುಂಬಿ, ಬರೆದಿದ್ದರೆ ಬಿಡಿ

ಗಿಟ್‌ನಲ್ಲಿ ಕೋರ್.ಎಫ್‌ಎಸ್‌ಮಾನಿಟರ್ ಎಂಬ ಸೆಟ್ಟಿಂಗ್ ಇದೆ. ಬದಲಾದ ಕಡತಗಳನ್ನು ಬೇಗ ಪತ್ತೆಹಚ್ಚಲು ನೆರವಾಗುವ ಇದಕ್ಕೆ ಮೊದಲು ಹುಕ್ ಪ್ರೋಗ್ರಾಮಿನ ಪಾತ್ ಕೊಡಬೇಕಿತ್ತು. 2022ರಲ್ಲಿ ಬಂದ 2.37ನೇ ಆವೃತ್ತಿಯಿಂದ ಒಳಗೇ ಇರುವ ಡೀಮನ್‌ ಬಳಸಲು ‘ಟ್ರೂ’ ಎಂದರೆ ಸಾಕು. ಆದರೆ ರೆಪೊಸಿಟರಿಗೆ ವಾಚ್‌ಮನ್ ಎಂಬ ಪ್ರೋಗ್ರಾಮಿನ ಹುಕ್ ಜೋಡಿಸಿಕೊಂಡವರ ಕಾನ್ಫಿಗ್‌ನಲ್ಲಿ ತಂಡದ ಸೆಟಪ್ ಸ್ಕ್ರಿಪ್ಟ್ ‘ಟ್ರೂ’ ಬರೆದುಬಿಟ್ಟರೆ, ಅವರು ಕೊಟ್ಟಿದ್ದ ಪಾತ್ ಅಳಿಸಿಹೋಗುತ್ತದೆ. ಗಿಟ್ ಎಚ್ಚರಿಸುವುದೂ ಇಲ್ಲ. ಸೌಲಭ್ಯ ಒಳ್ಳೆಯದೇ ಇರಬಹುದು, ಅದನ್ನು ಆನ್ ಮಾಡಿದ ರೀತಿ ತಪ್ಪು.

ಆದ್ದರಿಂದ ಬರೆಯುವ ಮೊದಲು ಓದಿ. ರೆಪೊಸಿಟರಿಯ ಕಾನ್ಫಿಗ್ ಒಂದನ್ನೇ ಓದಿದರೆ ಸಾಲದು. ಗಿಟ್ ಮೊದಲು ಸಿಸ್ಟಮ್, ನಂತರ ಗ್ಲೋಬಲ್, ಆಮೇಲೆ ಲೋಕಲ್ ಕಡತವನ್ನು ಓದುತ್ತದೆ. ಕೊನೆಗೆ ಓದಿದ್ದೇ ಗೆಲ್ಲುತ್ತದೆ. ಗ್ಲೋಬಲ್‌ನಲ್ಲಿ ‘ಫಾಲ್ಸ್’ ಎಂದಿದ್ದರೂ, ಲೋಕಲ್ ಖಾಲಿಯಿದೆಯೆಂದು ಅಲ್ಲಿ ‘ಟ್ರೂ’ ಸೇರಿಸುವ ಸ್ಕ್ರಿಪ್ಟ್ ಬಳಕೆದಾರರ ಮಾತನ್ನು ಸದ್ದಿಲ್ಲದೆ ಮೀರುತ್ತದೆ. ಹೆಚ್ಚಿನ ಎಡವಟ್ಟು ಆಗುವುದು ಇಲ್ಲೇ ಎಂಬುದು ನನ್ನ ಅಭಿಪ್ರಾಯ. ಹಂತ ಸೂಚಿಸದೆ ‘ಗಿಟ್ ಕಾನ್ಫಿಗ್ --ಗೆಟ್’ ಕೊಟ್ಟರೆ ಎಲ್ಲ ಹಂತಗಳನ್ನೂ ಜಾಲಾಡಿ ಉತ್ತರ ಬರುತ್ತದೆ. ‘--ಶೋ-ಆರಿಜಿನ್’ ಸೇರಿಸಿದರೆ ಅದು ಯಾವ ಕಡತದ್ದೆಂದೂ ತಿಳಿಯುತ್ತದೆ. ಮೌಲ್ಯವೇ ಇಲ್ಲದಿದ್ದರೆ ಎಕ್ಸಿಟ್ ಕೋಡ್ 1. ಆಗ ಮಾತ್ರ, ಅದೂ ಲೋಕಲ್‌ನಲ್ಲೇ, ಬರೆಯಿರಿ. ‘ಫಾಲ್ಸ್’ ಎಂಬುದು ಖಾಲಿ ಜಾಗವಲ್ಲ, ಬೇಡವೆಂಬ ಸ್ಪಷ್ಟ ಉತ್ತರ. ಬರೆದ ಕೀಗಳ ಪಟ್ಟಿ ಇಟ್ಟುಕೊಳ್ಳಿ; ಸೌಲಭ್ಯ ತೆಗೆಯುವಾಗ ಅಷ್ಟನ್ನೇ ಅನ್‌ಸೆಟ್ ಮಾಡಿ.

ಹೊಸಬರಿಗೆ ಇದೆಲ್ಲ ತಿಳಿಯದು, ಉಪಕರಣವೇ ನಿರ್ಧರಿಸಲಿ ಎನ್ನುವವರಿದ್ದಾರೆ. ಹೊಸಬರ ಕಾನ್ಫಿಗ್ ಬಹುತೇಕ ಖಾಲಿಯೇ ಇರುವುದರಿಂದ ಈ ನಿಯಮ ಅವರಿಗೆ ಅಡ್ಡಿಯಾಗದು. ಅದು ಕಾಯುವುದು ಈಗಾಗಲೇ ಏನಾದರೂ ಬರೆದುಕೊಂಡವರನ್ನು. ಹಳೆಯ ಸೆಟ್ಟಿಂಗ್ ಹಾಗೇ ಬಿಟ್ಟರೆ ಹೊಸದು ಕೆಲಸ ಮಾಡದಿರಬಹುದು ಎಂಬ ಆಕ್ಷೇಪಕ್ಕೆ ತೂಕ ಹೆಚ್ಚು. ಅದಕ್ಕೆ ಗಿಟ್ ಎಲ್‌ಎಫ್‌ಎಸ್ ಎಂಬ ವಿಸ್ತರಣೆ ದಾರಿ ತೋರಿಸಿದೆ. ಅದರ ಇನ್‌ಸ್ಟಾಲ್ ಆಜ್ಞೆಗೆ ಬೇರೆ ಫಿಲ್ಟರ್ ಮೌಲ್ಯವೋ ಹುಕ್ಕೋ ಎದುರಾದರೆ ತಾನಾಗಿ ಅಳಿಸುವುದಿಲ್ಲ. ಇರುವುದನ್ನು ತೋರಿಸಿ, ಬೇಕಿದ್ದರೆ ‘--ಫೋರ್ಸ್’ ಬಳಸಿ ಎನ್ನುತ್ತದೆ. ನಿರ್ಧಾರ ಬಳಕೆದಾರರ ಕೈಯಲ್ಲೇ ಉಳಿಯಿತು. ಉಪಕರಣವನ್ನೇ ಕಟ್ಟುವವರಿಗೆ ಇದಕ್ಕಿಂತ ಚೆಂದದ ಮಾದರಿ ಗಿಟ್‌ನ ಫೀಚರ್.ಮೆನಿಫೈಲ್ಸ್: ಅದು ಇಂಡೆಕ್ಸ್ ಆವೃತ್ತಿ 4 ಮುಂತಾದವುಗಳನ್ನು ಡೀಫಾಲ್ಟ್ ಆಗಿಸುತ್ತದಷ್ಟೆ, ನೀವು ಬೇರೆ ಮೌಲ್ಯ ಬರೆದಿದ್ದರೆ ನಿಮ್ಮದೇ ನಡೆಯುತ್ತದೆ.

ನಿಮ್ಮ ತಂಡದ ಸೆಟಪ್ ಸ್ಕ್ರಿಪ್ಟ್ ತೆರೆದು ನೋಡಿ. ಓದದೆಯೇ ಬರೆಯುವ ಸಾಲುಗಳಿದ್ದರೆ ಇಂದೇ ತಿದ್ದಿ.