ಊರಿನ ಯೌವನಸ್ಥರೂ ಊರಿನ ಹೊಣೆಯೂ



ಈ ತಿಂಗಳಿನ ಪಾಠಕ್ಕಾಗಿ ನಾವು ಆರಿಸಿಕೊಂಡ ವಿಷಯವು ದೂರದ್ದಲ್ಲ. ನಮ್ಮ ನಮ್ಮ ಮನೆಯ ಜಗಲಿಯ ಮೇಲೆ ಕೂತಿರುವಂಥದೇ. ಶಾಲೆಯನ್ನು ಮುಗಿಸಿದ ಅಥವಾ ನಡುವೆ ಬಿಟ್ಟ ನಮ್ಮ ಹುಡುಗರೂ ಹುಡುಗಿಯರೂ ಮುಂದೆ ಏನಾಗತಕ್ಕವರು? ಅವರನ್ನು ದಡ ಮುಟ್ಟಿಸುವ ಹೊಣೆ ಯಾರದು? ಇದನ್ನು ನಿಧಾನವಾಗಿ ವಿಚಾರಿಸೋಣ.

ಆನೇಕಲ್ ತಾಲೂಕಿನ ಸರ್ಜಾಪುರವನ್ನು ನೋಡಿರಿ. ಹಿಂದಿನ ತಲೆಮಾರಿನಲ್ಲಿ ರಾಗಿಯೂ ಅವರೆಯೂ ಬೆಳೆಯುತ್ತಿದ್ದ ಹೊಲಗಳಲ್ಲಿ ಈಗ ಎತ್ತರವಾದ ಮನೆಗಳೂ ಕಚೇರಿಗಳೂ ನಿಂತಿವೆ. ೧೯೭೮ರಲ್ಲಿ ಕಿಯೋನಿಕ್ಸ್ ಎಂಬ ಸರಕಾರಿ ಸಂಸ್ಥೆಯು ೩೩೨ ಎಕರೆ ನೆಲದಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಕಟ್ಟಲಾರಂಭಿಸಿತು. ಆ ಕಡೆಯಿಂದ ಅದೂ, ಈ ಕಡೆಯಿಂದ ವೈಟ್‌ಫೀಲ್ಡೂ ಬೆಳೆದು ಬೆಳೆದು ನಡುವಣ ಹಳ್ಳಿಗಳನ್ನು ಮುಟ್ಟಿದವು. ನೆಲದ ಬೆಲೆ ಏರಿತು, ಅನೇಕರು ಮಾರಿದರು. ಬಂದ ಹಣದಲ್ಲಿ ಮನೆಯಾಯಿತು, ಮದುವೆಯಾಯಿತು, ಕಾರೂ ಬಂತು. ಹಣವು ಕರಗಿದ ಮೇಲೆ ಮಗನಿಗೆ ನೆಲವೂ ಇಲ್ಲ, ಕಸುಬೂ ಇಲ್ಲ. ಮೊದಲಿಂದಲೂ ನೆಲವಿಲ್ಲದೆ ಇದ್ದ ನಮ್ಮ ಅನೇಕ ಕುಟುಂಬಗಳಿಗೆ ಇನ್ನೂ ಕಷ್ಟವಾಯಿತು. ಯಾಕಂದರೆ ಹೊಲದ ಕೂಲಿಯು ನಿಂತುಹೋಯಿತು, ಮಾರುವದಕ್ಕಾದರೋ ಏನೂ ಇರಲಿಲ್ಲ.

ತಂದೆಯು ಕಳೆ ಕಿತ್ತ ಜಾಗದಲ್ಲಿ ಎದ್ದ ಕಟ್ಟಡದ ಬಾಗಲಲ್ಲಿ ಮಗನು ಕಾವಲು ನಿಂತಿರುವದನ್ನು ನಾವು ಕಂಡಿದ್ದೇವೆ. ಕಾವಲಿನ ಕೆಲಸವು ಹೀನವಾದದ್ದಲ್ಲ. ಕೈಯಾರೆ ದುಡಿದು ತಿನ್ನುವ ಯಾವ ಕೆಲಸವೂ ಹೀನವಲ್ಲ. ಆದರೆ ಬಾಗಲ ಒಳಗಣ ಕೆಲಸವೆಲ್ಲಾ ದೂರದವರಿಗೆ ದೊರೆತು, ಹೊರಗಣ ಕೆಲಸ ಮಾತ್ರವೇ ಊರಿನ ಮಕ್ಕಳಿಗೆ ಉಳಿಯುವದಾದರೆ, ಇದು ಹೀಗೇಕಾಯಿತೆಂದು ಕೇಳದೆ ಇರುವದು ತಕ್ಕದ್ದೋ?

೧. ಮನೆಯೇ ಕಲಿಸುತ್ತಿದ್ದ ಕಾಲ

ಸರ್ಜಾಪುರವು ಹಿಂದೆ ನೇಯ್ಗೆಗೆ ಹೆಸರಾದ ಊರು. ಮಗ್ಗದ ಮನೆಯಲ್ಲಿ ಹುಟ್ಟಿದ ಮಗುವಿಗೆ ಕಸುಬನ್ನು ಕಲಿಸಲು ಬೇರೆ ಶಾಲೆ ಬೇಕಾಗಿರಲಿಲ್ಲ. ಚಿಕ್ಕವನು ಕಂಡಿಕೆ ಸುತ್ತುವನು; ತುಸು ಬೆಳೆದವನು ಹಾಸು ಹೂಡಲು ಸಹಾಯ ಮಾಡುವನು; ತೋಳಿಗೆ ಬಲ ಬಂದ ಮೇಲೆ ಲಾಳಿ ಹಿಡಿಯುವನು. ರೈತನ ಮಗನು ನೇಗಿಲ ಹಿಂದೆ ನಡೆದೇ ನೇಗಿಲನ್ನು ಕಲಿತನು. ಆ ಏರ್ಪಾಡಿನಲ್ಲಿ ದೋಷಗಳೂ ಇದ್ದವು. ಹುಟ್ಟಿದ ಕಸುಬಿನಿಂದ ಹೊರಗೆ ಹೋಗುವ ದಾರಿ ಇರಲಿಲ್ಲ. ಕೆಲವರಿಗಂತೂ ಕೀಳೆನಿಸಿದ ಕೆಲಸವನ್ನು ಬಿಟ್ಟು ಬೇರೆ ದೊರಕುತ್ತಿರಲಿಲ್ಲ. ಆದದರಿಂದ ಆ ಕಾಲವು ಮರಳಿ ಬರಲೆಂದು ನಾವು ಹೇಳುವದಿಲ್ಲ. ಆದರೆ ಒಂದು ಮಾತನ್ನು ಗುರುತಿಸಬೇಕು. ಈಗಿನ ಕೆಲಸಗಳು ಗೋಡೆಯ ಒಳಗೆ ನಡೆಯುತ್ತವೆ. ಮಗುವು ನೋಡಿ ಕಲಿಯುವಂತಿಲ್ಲ, ತಂದೆತಾಯಿಗಳು ಕಲಿಸಲಾರರು. ಹೀಗಿರಲಾಗಿ ಮನೆಯ ಕೈ ಸಾಲದು. ಬೇರೆ ಕೈಗಳು ಕೂಡಬೇಕು.

೨. ಒಂದೇ ಕಂಬದ ಚಪ್ಪರ

ಬೇರೆ ಕೈಯೆಂದರೆ ದೊಡ್ಡದೊಂದು ಸಂಸ್ಥೆ ಸಾಕಲ್ಲವೇ ಎಂದು ಕೆಲವರು ಕೇಳುವರು. ಇದಕ್ಕೆ ನಮ್ಮ ನಾಡಿನ ಚರಿತ್ರೆಯೇ ಉತ್ತರ ಕೊಡುತ್ತದೆ. ಬಾಸೆಲ್ ಮಿಶನಿನವರು ೧೮೩೪ರಲ್ಲಿ ಮಂಗಳೂರಿಗೆ ಬಂದರು. ಹೊಸದಾಗಿ ಸಭೆಗೆ ಸೇರಿದವರನ್ನು ಅವರ ಜಾತಿಯವರು ಹೊರಗೆ ಹಾಕಿದಾಗ ಅವರಿಗೆ ಜೀವನೋಪಾಯವಿಲ್ಲದೆ ಹೋಯಿತು. ಆದಕಾರಣ ಮಿಶನು ಮುದ್ರಣ, ನೇಯ್ಗೆ, ೧೮೬೫ರಿಂದ ಹೆಂಚಿನ ಕೆಲಸ, ಇವುಗಳನ್ನು ಸ್ಥಾಪಿಸಿ ಯೌವನಸ್ಥರಿಗೆ ಕಸುಬನ್ನು ಕಲಿಸಿತು. ಮಂಗಳೂರು ಹೆಂಚಿನ ಹೆಸರು ದೇಶವೆಲ್ಲಾ ಹಬ್ಬಿತು. ಅದು ದೊಡ್ಡ ಉಪಕಾರವೇ ಸರಿ.

ಆದರೆ ಕೆಲಸವನ್ನು ಕೊಡುವವನೂ, ಮನೆಯನ್ನು ಕೊಡುವವನೂ, ಕಲಿಸುವವನೂ ಒಬ್ಬನೇ ಆದನು. ೧೯೧೪ರಲ್ಲಿ ಮಹಾಯುದ್ಧವು ಆರಂಭವಾಯಿತು. ಮಿಶನಿನಲ್ಲಿ ಜರ್ಮನರು ಅನೇಕರಿದ್ದದರಿಂದ ಬ್ರಿಟಿಷ್ ಸರಕಾರವು ಅದರ ಕಾರ್ಖಾನೆಗಳನ್ನು ವಶಪಡಿಸಿಕೊಂಡಿತು. ಆಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬೇರೊಂದು ಕಂಪನಿಯ ಕೈಸೇರಿದವು. ಕೆಲಸಗಾರರು ಮಾಡಿದ ತಪ್ಪು ಏನೂ ಇಲ್ಲ. ಸಮುದ್ರದ ಆಚೆ ಎದ್ದ ಜಗಳದಿಂದ ಅವರ ಒಡೆಯನು ಬದಲಾದನು. ಒಂದೇ ಕಂಬದ ಮೇಲೆ ನಿಂತ ಚಪ್ಪರವು ಆ ಕಂಬವು ಅಲುಗಿದ ದಿನ ತಾನೂ ಅಲುಗುವದು.

೩. ಉಜಿರೆಯಿಂದ ಕಲಿಯತಕ್ಕದ್ದು

ಇದಕ್ಕೆ ಎದುರಾಗಿ ಇನ್ನೊಂದು ದೃಷ್ಟಾಂತವನ್ನು ಇಡುತ್ತೇವೆ. ೧೯೮೨ರಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ಉಜಿರೆಯಲ್ಲಿ, ಧರ್ಮಸ್ಥಳದ ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳುತನದಿಂದ, ಧರ್ಮಸ್ಥಳದ ಟ್ರಸ್ಟೂ ಸಿಂಡಿಕೇಟ್ ಬ್ಯಾಂಕೂ ಕೆನರಾ ಬ್ಯಾಂಕೂ ಕೂಡಿ ರುಡ್‌ಸೆಟ್ ಎಂಬ ಸಂಸ್ಥೆಯನ್ನು ಹುಟ್ಟಿಸಿದವು. ಹಳ್ಳಿಯ ನಿರುದ್ಯೋಗಿ ಯೌವನಸ್ಥರನ್ನು ಕರತಂದು, ಊಟವಸತಿಗಳನ್ನು ಉಚಿತವಾಗಿ ಕೊಟ್ಟು, ಹೊಲಿಗೆ, ಹೈನುಗಾರಿಕೆ, ಮೋಟಾರು ರಿಪೇರಿ ಮುಂತಾದ ಕಸುಬುಗಳನ್ನು ಕೆಲವು ವಾರಗಳಲ್ಲಿ ಕಲಿಸುವದು ಅದರ ಕೆಲಸ.

ಇದರಲ್ಲಿ ಮೂರು ಸಂಗತಿಗಳು ಗಮನಿಸತಕ್ಕವು. ಮೊದಲನೆಯದು, ಕಸುಬಿನ ಸಂಗಡ ಲೆಕ್ಕವನ್ನೂ ವ್ಯಾಪಾರದ ರೀತಿಯನ್ನೂ ಕಲಿಸುತ್ತಾರೆ. ಎರಡನೆಯದು, ಬ್ಯಾಂಕು ತಾನೇ ಪಾಲುಗಾರನಾಗಿರುವದರಿಂದ ಕಲಿತವನು ಸಾಲಕ್ಕಾಗಿ ಅಪರಿಚಿತನಂತೆ ಹೋಗಿ ನಿಲ್ಲಬೇಕಾಗಿಲ್ಲ. ಮೂರನೆಯದು ಎಲ್ಲಕ್ಕಿಂತ ದೊಡ್ಡದು: ಶಿಕ್ಷಣವು ಮುಗಿದ ಮೇಲೆ ಎರಡು ವರುಷಗಳ ವರೆಗೂ ಅವನ ಬೆನ್ನು ಬಿಡದೆ ವಿಚಾರಿಸುತ್ತಾರೆ.

೨೦೦೯ರಲ್ಲಿ ಭಾರತ ಸರಕಾರವು ಇದೇ ಮಾದರಿಯನ್ನು ಹಿಡಿದು, ಜಿಲ್ಲೆಗೊಂದು ಇಂಥ ಸಂಸ್ಥೆಯಾಗಬೇಕೆಂದು ಗೊತ್ತುಮಾಡಿತು. ರಾಜ್ಯ ಸರಕಾರವು ನೆಲವನ್ನೂ, ಕೇಂದ್ರ ಸರಕಾರವು ಕಟ್ಟಡಕ್ಕೆ ೧ ಕೋಟಿ ರೂಪಾಯಿಯ ವರೆಗೂ ಕೊಡುವದು, ಬ್ಯಾಂಕು ನಡಿಸುವದು, ಹೀಗೆ ಪಾಲು ಹಂಚಿದರು. ಬೆಂಗಳೂರಿನ ಸೀಮೆಯವರಿಗೆ ನೆಲಮಂಗಲದ ಬಳಿಯ ಅರಿಶಿನಕುಂಟೆಯಲ್ಲಿ ರುಡ್‌ಸೆಟ್ ಸಂಸ್ಥೆ ಇದೆ. ೨೦೨೦ರ ಏಪ್ರಿಲ್ ೧ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಮೂವರಲ್ಲಿ ಒಬ್ಬನ ಹೆಸರೇ ಅಳಿದರೂ ಸಂಸ್ಥೆಯು ಬೀಳಲಿಲ್ಲ. ಅದು ಒಂದೇ ಕಂಬದ ಮೇಲೆ ನಿಂತದ್ದಲ್ಲ.

೪. ನಮ್ಮ ಸುತ್ತಲೇ ಇರುವ ಸಹಾಯಗಳು

ಉಜಿರೆಯು ದೂರವೆನ್ನುವವರು ತಮ್ಮ ಊರಿನ ಶಾಲೆಯನ್ನು ನೋಡಲಿ. ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ವಿಶ್ವವಿದ್ಯಾಲಯವು ಸರ್ಜಾಪುರದ ಹತ್ತಿರ ಬೂರುಗುಂಟೆಯಲ್ಲಿದೆ. ಆ ಪ್ರತಿಷ್ಠಾನವು ೨೦೨೪ರಲ್ಲಿ ಕರ್ನಾಟಕ ಸರಕಾರದ ಸಂಗಡ ಒಡಂಬಡಿಕೆ ಮಾಡಿಕೊಂಡು, ಮೂರು ವರುಷಗಳಿಗೆ ೧,೫೦೦ ಕೋಟಿ ರೂಪಾಯಿಗಳಿಗೆ ಮೀರಿದ ಹಣವನ್ನು ಶಾಲೆಯ ಮಕ್ಕಳ ಮೊಟ್ಟೆಗಾಗಿ ಒಪ್ಪಿಕೊಂಡಿತು. ವಾರಕ್ಕೆ ಎರಡು ದಿನ ಸರಕಾರದ್ದು, ನಾಲ್ಕು ದಿನ ಪ್ರತಿಷ್ಠಾನದ್ದು. ಆದರೆ ಆ ಮೊಟ್ಟೆಯನ್ನು ಬೇಯಿಸಿ ಸುಲಿದು ಮಗುವಿನ ತಟ್ಟೆಗೆ ಹಾಕುವವಳು ನಮ್ಮ ಊರಿನ ಬಿಸಿಯೂಟದ ಅಕ್ಕನೇ. ಕೋಟಿಗಳ ಹಣವಿದ್ದರೂ ಅವಳ ಕೈ ಇಲ್ಲದೆ ಮಗುವಿನ ಹೊಟ್ಟೆ ತುಂಬದು. ಕೂಡಿ ಮಾಡುವ ಕೆಲಸವೆಂದರೆ ಇದೇ.

ಹತ್ತನೆಯ ಹಾಗೂ ಹನ್ನೆರಡನೆಯ ತರಗತಿಗಳನ್ನು ಸರಕಾರಿ ಶಾಲೆ ಕಾಲೇಜುಗಳಲ್ಲಿ ಮುಗಿಸಿ ಮುಂದೆ ಓದುವ ಹೆಣ್ಣುಮಕ್ಕಳಿಗೆ ವರುಷಕ್ಕೆ ೩೦,೦೦೦ ರೂಪಾಯಿಯ ವಿದ್ಯಾರ್ಥಿವೇತನವನ್ನೂ ಅದೇ ಪ್ರತಿಷ್ಠಾನವು ಏರ್ಪಡಿಸಿತು. ಸರಕಾರದ ಯುವನಿಧಿಯು ೨೦೨೪ರ ಜನವರಿಯಲ್ಲಿ ಆರಂಭವಾಯಿತು. ಕೆಲಸ ಸಿಕ್ಕದ ಪದವೀಧರರಿಗೆ ತಿಂಗಳಿಗೆ ೩,೦೦೦ ರೂಪಾಯಿ, ಡಿಪ್ಲೊಮಾ ಆದವರಿಗೆ ೧,೫೦೦ ರೂಪಾಯಿ, ಹೆಚ್ಚೆಂದರೆ ಎರಡು ವರುಷ. ಬಿಡದಿಯಲ್ಲಿ ಟೊಯೋಟ ಕಂಪನಿಯು ೨೦೦೭ರಲ್ಲಿ ತೆರೆದ ತಾಂತ್ರಿಕ ಶಾಲೆಯು ಹತ್ತನೆಯ ತರಗತಿ ಮುಗಿಸಿದ ಬಡ ಹಳ್ಳಿಮಕ್ಕಳಿಗೆ ಮೂರು ವರುಷ ವಸತಿ ಸಹಿತ ಕಲಿಸುತ್ತದೆ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಲ್ಲಿ ೬ರಿಂದ ೧೮ ವರುಷದ ಮಕ್ಕಳಿಗೆ ೨೦೨೦ರಿಂದ ಸದಸ್ಯತ್ವವು ಉಚಿತವಾಗಿದೆ.

ಕಾನೂನಿನಲ್ಲಿಯೂ ನಮ್ಮ ಪಕ್ಷವಾಗಿ ಎರಡು ಮಾತುಗಳಿವೆ. ೧೯೬೧ರ ಶಿಶಿಕ್ಷು ಕಾಯ್ದೆಯ ಪ್ರಕಾರ ೩೦ ಮಂದಿಯೂ ಮೇಲ್ಪಟ್ಟೂ ಇರುವ ಕಾರ್ಖಾನೆಯು ನೂರಕ್ಕೆ ಎರಡೂವರೆಗೆ ಕಡಿಮೆಯಿಲ್ಲದಂತೆ ಕಲಿಯುವವರನ್ನು ಭತ್ಯ ಕೊಟ್ಟು ಇಟ್ಟುಕೊಳ್ಳತಕ್ಕದ್ದು. ೨೦೧೩ರ ಕಂಪನಿಗಳ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರುಷಗಳ ಸರಾಸರಿ ನಿವ್ವಳ ಲಾಭದಲ್ಲಿ ನೂರಕ್ಕೆ ೨ರಷ್ಟನ್ನು ಜನಹಿತಕ್ಕೆ ವೆಚ್ಚಮಾಡಬೇಕು. ಅದರಲ್ಲಿ ತಾವು ಇರುವ ಸ್ಥಳಕ್ಕೂ ಅದರ ಸುತ್ತಲಿಗೂ ಆದ್ಯತೆ ಕೊಡಬೇಕು. ಆದಕಾರಣ ನೆರೆಯ ಕಂಪನಿಯ ಬಾಗಲನ್ನು ತಟ್ಟುವ ಊರು ಭಿಕ್ಷೆ ಬೇಡುವದಲ್ಲ. ಕಾನೂನು ತೋರಿಸಿದ ದಾರಿಯಲ್ಲಿ ನಡೆಯುವದಷ್ಟೇ.

೫. ನಾವು ತಪ್ಪಿದ ಬಗೆ

ಇಷ್ಟೆಲ್ಲಾ ಇದ್ದೂ ನಮ್ಮ ಮಕ್ಕಳು ಯಾಕೆ ಹೊರಗೆ ನಿಂತಿದ್ದಾರೆ? ಇಲ್ಲಿ ನಾವು ನಮ್ಮ ತಪ್ಪನ್ನೂ ಹೇಳಿಕೊಳ್ಳಬೇಕು. ಕೆಲವು ವರುಷಗಳ ಹಿಂದೆ ಒಂದು ಊರಿನಲ್ಲಿ ನಾವು ಮುಂದೆ ನಿಂತು ಹುಡುಗಿಯರಿಗೆ ಹೊಲಿಗೆಯ ತರಗತಿಯನ್ನು ನಡಿಸಿದೆವು. ಒಬ್ಬ ದಾನಿಯು ಯಂತ್ರಗಳನ್ನು ಕೊಟ್ಟನು. ಕಡೇ ದಿನದಲ್ಲಿ ಹಾರ ಹಾಕಿದೆವು, ಪ್ರಮಾಣಪತ್ರಗಳನ್ನು ಹಂಚಿದೆವು, ಪಟ ತೆಗಿಸಿಕೊಂಡೆವು, ಸಂತೋಷದಿಂದ ಮನೆಗೆ ಹೋದೆವು. ಬಟ್ಟೆಯನ್ನು ಎಲ್ಲಿಂದ ತರುವರು, ಹೊಲಿದದ್ದನ್ನು ಯಾರಿಗೆ ಮಾರುವರು, ಯಂತ್ರವು ಕೆಟ್ಟರೆ ಯಾರು ಸರಿಮಾಡುವರು ಎಂದು ಒಬ್ಬರೂ ಕೇಳಲಿಲ್ಲ. ಮರುವರುಷ ಆ ಮನೆಗಳಿಗೆ ಹೋದಾಗ ಯಂತ್ರಗಳ ಮೇಲೆ ಹಳೇ ಸೀರೆ ಮುಚ್ಚಿತ್ತು. ಒಬ್ಬ ಹುಡುಗಿಯು, “ಅಯ್ಯನವರೇ, ನೀವು ಮತ್ತೆ ಬರುತ್ತೀರೆಂದು ಕಾದಿದ್ದೆವು” ಎಂದಳು. ಆ ಮಾತು ಈಗಲೂ ನಮ್ಮನ್ನು ಚುಚ್ಚುತ್ತದೆ. ದಾನಿಯು ತನ್ನ ಪಾಲನ್ನು ಮಾಡಿದ್ದನು. ಹುಡುಗಿಯರು ತಮ್ಮದನ್ನು ಮಾಡಿದ್ದರು. ನಡುವೆ ನಿಲ್ಲತಕ್ಕ ನಾವೇ ಬಿಟ್ಟುಹೋಗಿದ್ದೆವು.

ಮಗ್ಗದವರು ಬಲ್ಲರು: ಹಾಸು ಎಷ್ಟು ಗಟ್ಟಿಯಾಗಿದ್ದರೂ ಹೊಕ್ಕಿಲ್ಲದೆ ಬಟ್ಟೆಯಾಗದು. ಸರಕಾರದ ಯೋಜನೆ, ಕಂಪನಿಯ ಹಣ, ಬ್ಯಾಂಕಿನ ಸಾಲ, ಇವು ಉದ್ದಕ್ಕೆ ಎಳೆದ ಹಾಸು. ದಿನದಿನವೂ ಅಡ್ಡಕ್ಕೆ ಹಾಯುವ ಹೊಕ್ಕಿನ ನೂಲು ಊರಿನವರ ಲಕ್ಷ್ಯವೇ. ಅದನ್ನು ಹೊರಗಿನವರು ನಮಗೋಸ್ಕರ ಹಾಕಲಾರರು.

೬. ಊರು ಮಾಡತಕ್ಕ ಕೆಲಸಗಳು

ಮೊದಲನೆಯದಾಗಿ, ಪಟ್ಟಿ ಮಾಡಿರಿ. ಯಾವ ಮನೆಯಲ್ಲಿ ಯಾರಿದ್ದಾರೆ, ಎಷ್ಟು ಓದಿದ್ದಾರೆ, ಏನು ಕಲಿಯಲು ಮನಸ್ಸಿದೆ ಎಂದು ಒಂದು ಪುಸ್ತಕದಲ್ಲಿ ಬರೆಯಿರಿ. ಜಾತಿಮತಗಳನ್ನು ನೋಡದೆ ಊರಿನ ಎಲ್ಲಾ ಮಕ್ಕಳನ್ನೂ ಅದರಲ್ಲಿ ಸೇರಿಸಿರಿ. ನಮ್ಮ ಮಕ್ಕಳನ್ನು ಮಾತ್ರವೇ ಎತ್ತುವ ಕೆಲಸವು ಊರಿನ ಕೆಲಸವಾಗದು.

ಎರಡನೆಯದಾಗಿ, ಮಕ್ಕಳ ಮಾತನ್ನೇ ಕೇಳಿರಿ. ಪಂಚಾಯಿತಿಗಳು ಮಕ್ಕಳ ಗ್ರಾಮಸಭೆಯನ್ನು ನಡಿಸಬೇಕೆಂದು ನಮ್ಮ ರಾಜ್ಯವು ೨೦೦೬ರಲ್ಲಿಯೇ ಆಜ್ಞಾಪಿಸಿತು. ಅದು ಹೆಸರಿಗೆ ಮಾತ್ರ ನಡೆಯದಂತೆ ದೊಡ್ಡವರು ನೋಡಿಕೊಳ್ಳಲಿ. ಸಾಯಂಕಾಲದ ಬಸ್ಸಿಲ್ಲದೆ ಕಾಲೇಜು ಬಿಟ್ಟ ಹುಡುಗಿಯ ಕಷ್ಟವು ಅವಳ ಬಾಯಿಂದಲೇ ಹೊರಡಬೇಕು.

ಮೂರನೆಯದಾಗಿ, ಪಾಲನ್ನು ಬರೆದುಕೊಳ್ಳಿರಿ. ಕಂಪನಿಯಾಗಲಿ ಸಂಘವಾಗಲಿ ಸಹಾಯಕ್ಕೆ ಬಂದರೆ, ನೀವು ಏನು ಕೊಡುವಿರಿ, ನಾವು ಏನು ಮಾಡುವೆವು, ನೀವು ಹೋದ ಮೇಲೆ ಯಾರು ನಡಿಸುವರು ಎಂಬ ಮೂರು ಪ್ರಶ್ನೆಗಳನ್ನು ಮರ್ಯಾದೆಯಿಂದ ಕೇಳಿರಿ. ಹಣವಿಲ್ಲದ ಸಭೆಯೂ ಬರಿಗೈಯದಲ್ಲ: ವಾರದಲ್ಲಿ ಆರು ದಿನ ಬೀಗ ಹಾಕಿರುವ ಕೋಣೆಯನ್ನು ರಾತ್ರಿ ಓದುವ ಮಕ್ಕಳಿಗೆ ತೆರೆಯಬಹುದು.

ನಾಲ್ಕನೆಯದಾಗಿ, ಎರಡು ವರುಷ ಬೆನ್ನು ಬಿಡಬೇಡಿರಿ. ಕಲಿತು ಬಂದ ಒಬ್ಬೊಬ್ಬನಿಗೂ ಊರಿನ ಹಿರಿಯನೊಬ್ಬನನ್ನು ಗೊತ್ತುಮಾಡಿರಿ. ಅವನು ತಿಂಗಳಿಗೊಮ್ಮೆ ಹೋಗಿ, “ಏನಪ್ಪಾ, ಕೆಲಸ ಹೇಗಿದೆ?” ಎಂದು ಕೇಳಿದರೆ ಸಾಕು. ಈ ಕೆಲಸಕ್ಕೆ ಒಂದು ಕಾಸಿನ ಖರ್ಚೂ ಇಲ್ಲ. ಆದರೂ ನಾವು ಬಿಟ್ಟದ್ದು ಇದನ್ನೇ.

ಐದನೆಯದಾಗಿ, ಯೌವನಸ್ಥರಿಗೂ ಒಂದು ಮಾತು. ಸಿಕ್ಕಿದ ಸಹಾಯವನ್ನು ಕೂತು ತಿನ್ನುವ ಬುತ್ತಿಯೆಂದು ಎಣಿಸಬೇಡಿರಿ. ಅದು ದಾರಿಯ ಬುತ್ತಿ. ಯುವನಿಧಿಯ ಎರಡು ವರುಷಗಳಲ್ಲಿ ಕಸುಬನ್ನು ಕಲಿತವನೇ ಮೂರನೆಯ ವರುಷದಲ್ಲಿ ನಗುವನು.

ಬಾಗಲಲ್ಲಿ ಕಾವಲು ನಿಂತ ಆ ಮಗನಿಗೆ ಇನ್ನೂ ವಯಸ್ಸಿದೆ. ಈ ಪಾಠವನ್ನು ಓದಿದ ಮೇಲೆ ಪುಸ್ತಕವನ್ನು ಮಡಿಸಿಡುವದಕ್ಕೆ ಮೊದಲು, ಪಟ್ಟಿಯಲ್ಲಿ ಅವನ ಹೆಸರನ್ನು ಬರೆಯಿರಿ. ನಾಳೆ ಅವನ ಮನೆಗೆ ಹೋಗಿರಿ. ಬರುವ ತಿಂಗಳಿನಲ್ಲಿ ಮತ್ತೆ ಹೋಗಿರಿ.

ಕೂಡಿ ಆಲೋಚಿಸತಕ್ಕ ಪ್ರಶ್ನೆಗಳು

೧. ನಮ್ಮ ಊರಿನಲ್ಲಿ ಶಾಲೆಯನ್ನು ಬಿಟ್ಟು ಕೆಲಸವೂ ಇಲ್ಲದ ಯೌವನಸ್ಥರು ಎಷ್ಟು ಮಂದಿ? ಅವರ ಹೆಸರುಗಳನ್ನು ಬಲ್ಲೆವೋ?
೨. ಮಂಗಳೂರಿನ ಕಾರ್ಖಾನೆಗಳಿಗೆ ಬಂದ ಆಪತ್ತು ಉಜಿರೆಯ ಸಂಸ್ಥೆಗೆ ಯಾಕೆ ಬರಲಿಲ್ಲ?
೩. ನಮ್ಮ ಊರಿನ ಹತ್ತಿರವಿರುವ ಕಾರ್ಖಾನೆಗಳಲ್ಲಿ ಶಿಶಿಕ್ಷುಗಳನ್ನು ಇಟ್ಟುಕೊಂಡವು ಯಾವವು? ವಿಚಾರಿಸಲು ಹೋಗತಕ್ಕವರು ಯಾರು?
೪. ಹಿಂದೆ ನಮ್ಮ ಊರಿನಲ್ಲಿ ಆರಂಭವಾಗಿ ನಿಂತುಹೋದ ಒಳ್ಳೇ ಕೆಲಸ ಯಾವದು? ಅದರಲ್ಲಿ ಯಾರ ಪಾಲು ತಪ್ಪಿತು?