ಮಣ್ಣಿನ ಕಟ್ಟೆಯೂ ಅದರ ಕೆಳಗಿನ ಮನೆಯೂ

ಒಂದು ಕಟ್ಟೆಯನ್ನು 'ಅಲ್ಪ ಅಪಾಯದ ವರ್ಗ'ಕ್ಕೆ ಸೇರಿಸಿದ್ದಾರೆಂದು ಕೇಳಿದೊಡನೆ ಅದು ಗಟ್ಟಿಮುಟ್ಟಾದ ಕಟ್ಟೆಯೆಂದು ನಾವು ಭಾವಿಸುವುದು ಸಹಜ. ಆದರೆ ಈ ಭಾವನೆ ತಪ್ಪು. ಹೇಗೆಂಬುದನ್ನು ಒಂದು ನಿದರ್ಶನದಿಂದ ತಿಳಿಯೋಣ.

ಪೆಸಿಫಿಕ್ ಮಹಾಸಾಗರದ ಹವಾಯಿ ದ್ವೀಪಸ್ತೋಮದಲ್ಲಿ ಕವಾಯಿ ಎಂಬುದೊಂದು ದ್ವೀಪ. ಕಬ್ಬಿನ ತೋಟಗಳಿಗೆ ನೀರೊದಗಿಸಲು 1890ರಲ್ಲಿ ಅಲ್ಲಿ ಕಾ ಲೋಕೊ ಎಂಬ ಮಣ್ಣಿನ ಕಟ್ಟೆಯನ್ನು ನಿರ್ಮಿಸಿದರು. ಕಾಲಕ್ರಮದಲ್ಲಿ ಕಬ್ಬಿನ ವ್ಯವಸಾಯ ನಿಂತಿತು. ಕಟ್ಟೆ ಖಾಸಗಿ ಒಡೆತನದಲ್ಲಿ ಉಳಿಯಿತು. ದಾಖಲೆಯಲ್ಲಿ ಅದು ಅಲ್ಪ ಅಪಾಯದ ಕಟ್ಟೆ. ವಾರಗಟ್ಟಲೆ ಸುರಿದ ಮಳೆಯ ತರುವಾಯ, 2006ನೆಯ ಮಾರ್ಚ್ 14ರ ಬೆಳಗಿನ ಜಾವ ಅದು ಒಡೆಯಿತು. ಕೆಳಗಿನ ಕಣಿವೆಯಲ್ಲಿದ್ದ ಏಳು ಮಂದಿ ಪ್ರಾಣ ಕಳೆದುಕೊಂಡರು.

ಹೊರನುಗ್ಗಿದ ನೀರು ಸುಮಾರು 150 ಕೋಟಿ ಲೀಟರ್. ಎಂದರೆ 150 ಕೋಟಿ ಕಿಲೋಗ್ರಾಂ. ಅದು ಕೇವಲ 10 ಮೀಟರ್ ಕೆಳಗಿಳಿಯಿತೆಂದು ಎಣಿಸೋಣ. ದ್ರವ್ಯರಾಶಿ, ಗುರುತ್ವ ವೇಗೋತ್ಕರ್ಷ, ಎತ್ತರ ಈ ಮೂರರ ಗುಣಲಬ್ಧವೇ ಬಿಡುಗಡೆಯಾಗುವ ಶಕ್ತಿಯಷ್ಟೆ. ಲೆಕ್ಕ ಹಾಕಿದರೆ ಸುಮಾರು 14,700 ಕೋಟಿ ಜೂಲ್ ಬರುತ್ತದೆ. ಇದು 40,000 ಯೂನಿಟ್ ವಿದ್ಯುತ್ತಿಗೆ ಸಮ. ನಾಲೆಯಲ್ಲಿ ತಿಂಗಳುಗಟ್ಟಲೆ ಮೆಲ್ಲನೆ ವ್ಯಯವಾಗಬೇಕಾದ ಶಕ್ತಿ ಅಲ್ಪಕಾಲದಲ್ಲಿಯೇ ಕಣಿವೆಯ ಮೇಲೆ ಎರಗಿದರೆ ಆಗುವ ಅನಾಹುತವನ್ನು ವಾಚಕರು ಊಹಿಸಬಹುದು.

ಮಣ್ಣಿನ ಏರಿ ಒಡೆಯುವುದಾದರೂ ಹೇಗೆ? ತನ್ನ ಭಾರದಿಂದಲೂ ಕಣಗಳ ನಡುವಣ ಘರ್ಷಣೆಯಿಂದಲೂ ಅದು ನೀರನ್ನು ತಡೆದು ನಿಲ್ಲುತ್ತದೆ. ಆದರೆ ನೀರು ಏರಿಯನ್ನು ಮೀರಿ ಹರಿದರೆ, ಹೊರಮೈಯ ಇಳಿಜಾರಿನಲ್ಲಿ ವೇಗಗೊಂಡು ಮಣ್ಣನ್ನು ಕೊರೆಯುತ್ತದೆ. ಕೊರೆದ ಕಂಡಿಯಲ್ಲಿ ಇನ್ನಷ್ಟು ನೀರು ನುಗ್ಗುತ್ತದೆ. ಕಂಡಿ ಇನ್ನಷ್ಟು ಅಗಲವಾಗುತ್ತದೆ. ಹೆಚ್ಚಿನ ನೀರಿಗೆ ಬೇರೆ ದಾರಿ ತೋರುವ ಕೋಡಿಯೇ ಇದಕ್ಕೆ ಪರಿಹಾರ. ಕಾ ಲೋಕೊದಲ್ಲಿ ಕೋಡಿ ಇಲ್ಲದ್ದರಿಂದ ನೀರು ಏರಿಯನ್ನು ಮೀರಿದುದೇ ಅನಾಹುತಕ್ಕೆ ಕಾರಣವಾಗಿರಬೇಕೆಂದು ತನಿಖೆಯಲ್ಲಿ ಅಭಿಪ್ರಾಯಪಡಲಾಯಿತು.

ಈಗ ವರ್ಗದ ವಿಚಾರ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ರೂಢಿಯಲ್ಲಿರುವ ವರ್ಗಗಳು ಮೂರು. ಕಟ್ಟೆ ಒಡೆದರೆ ಒಂದು ಜೀವವಾದರೂ ಹೋಗುವ ಸಂಭವವಿದ್ದಲ್ಲಿ ಅದು ಅಧಿಕ ಅಪಾಯದ್ದು. ಜೀವಹಾನಿಯ ಸಂಭವವಿಲ್ಲದೆ ಗಣನೀಯ ಆಸ್ತಿನಷ್ಟ ಮೊದಲಾದ ಹಾನಿಯುಂಟಾಗುವಂತಿದ್ದರೆ ಮಧ್ಯಮ. ನಷ್ಟವು ಹೆಚ್ಚಾಗಿ ಒಡೆಯನ ಸ್ವತ್ತಿಗೇ ಸೀಮಿತವಾದರೆ ಅಲ್ಪ. ಈ ವಿಂಗಡಣೆಯಲ್ಲಿ ಏರಿಯ ಗಟ್ಟಿತನದ ಪ್ರಸ್ತಾಪವೇ ಇಲ್ಲವೆಂಬುದನ್ನು ಗಮನಿಸಬೇಕು. ಭದ್ರವಾದ ಕಟ್ಟೆಯೂ ಅಧಿಕ ಅಪಾಯದ್ದಾಗಬಹುದು. ಶಿಥಿಲವಾದುದೂ ಅಲ್ಪ ಅಪಾಯದ್ದೆನಿಸಬಹುದು. ವರ್ಗವು ಹೇಳುವುದು ಕಟ್ಟೆಯ ಸ್ಥಿತಿಯನ್ನಲ್ಲ, ಅದು ಒಡೆದರೆ ಕೆಳಗಾಗುವ ಪರಿಣಾಮವನ್ನು.

ಆದುದರಿಂದ, ಏರಿಯ ಒಂದು ಹಿಡಿ ಮಣ್ಣೂ ಕದಲದೆ ಕಟ್ಟೆಯ ವರ್ಗ ಬದಲಾಗಬಹುದು. ನಿನ್ನೆ ಬಯಲಾಗಿದ್ದಲ್ಲಿ ಇಂದು ಒಂದು ಮನೆ ಎದ್ದರೆ ಸಾಕು. ತಪಾಸಣೆ ಎಷ್ಟು ಸಲ ನಡೆಯಬೇಕು, ಕೋಡಿ ಎಷ್ಟು ದೊಡ್ಡ ಪ್ರವಾಹವನ್ನು ಸಾಗಿಸಬೇಕು ಎಂಬುವು ವರ್ಗವನ್ನು ಅವಲಂಬಿಸಿರುವುದರಿಂದ, ಹಳೆಯ ವರ್ಗವನ್ನು ನಂಬಿ ಕುಳಿತರೆ ಎಚ್ಚರ ತಪ್ಪುತ್ತದೆ. ಕಾ ಲೋಕೊದ ವರ್ಗ ವಾಸ್ತವಕ್ಕೆ ಒಪ್ಪುತ್ತಿರಲಿಲ್ಲವೆಂಬುದಕ್ಕೆ ಆ ಏಳು ಸಾವುಗಳೇ ಸಾಕ್ಷಿ. 2007ರಲ್ಲಿ ಹವಾಯಿ ರಾಜ್ಯವು ಕಟ್ಟೆಗಳ ಸುರಕ್ಷತೆಗೆ ಹೊಸ ಕಾಯಿದೆ ಮಾಡಿತು.

ಕಟ್ಟೆಯ ಒಡೆಯನೊಬ್ಬ, ಅದರ ಕೆಳಗೆ ವಾಸಿಸುವವನು ಇನ್ನೊಬ್ಬ. ಮೇಲಿನವನ ಅಲಕ್ಷ್ಯಕ್ಕೆ ಕೆಳಗಿನವನು ಬೆಲೆ ತೆರಬಾರದು. ಮುಂದೆ ಯಾವುದಾದರೂ ಏರಿಯ ಮೇಲೆ ನಿಂತಾಗ ನಾವು ನೀರಿನ ಸೊಬಗನ್ನಷ್ಟೇ ನೋಡದೆ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳೋಣ: ಕೋಡಿ ಎಲ್ಲಿದೆ? ಕೆಳಗೆ ಯಾರಿದ್ದಾರೆ?